ಓದುಗರ ಸ್ಪಂದನ: ಮನೆ ಮಾರಬೇಕಾ, ಬಾಡಿಗೆಗೆ ಕೊಡಬೇಕಾ?

ಸಮಸ್ಯೆ: 2022ರ ಮೇನಲ್ಲಿ ಪೈಪೋಟಿಗೆ ಬಿದ್ದು ಅಮೆರಿಕದ ಟೆಕ್ಸಸ್‌ನಲ್ಲಿ, ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಲ್ಲಿ ಮನೆ ಕೊಂಡೆವು. ಈಗ ಕೆಲಸ ಡಾಲಸ್‌ಗೆ ಬದಲಾಗಿದೆ. ಕೊಂಡದ್ದಕ್ಕಿಂತ ತೀರಾ ಕಡಿಮೆಗೆ ಕೇಳುತ್ತಿದ್ದಾರೆ. ಏನು ಮಾಡುವುದು?

ರೌಂಡ್ ರಾಕ್‌ನ ಓದುಗರು:
ನೀವು ಕೊಂಡಾಗ ಬೆಲೆ ತುತ್ತತುದಿಯಲ್ಲಿತ್ತು. ಆ ತಿಂಗಳು ಇಡೀ ಆಸ್ಟಿನ್ ಸೀಮೆಯ ಮಧ್ಯಮ ಬೆಲೆ (ಅರ್ಧ ಮನೆಗಳು ಇದಕ್ಕಿಂತ ಕಡಿಮೆಗೆ, ಅರ್ಧ ಹೆಚ್ಚಿಗೆ ಮಾರಾಟವಾದ ಬೆಲೆ) ಸುಮಾರು 5.5 ಲಕ್ಷ ಡಾಲರ್. ಅಗ್ಗದ ಬಡ್ಡಿ ಎಬ್ಬಿಸಿದ್ದ ಬೆಲೆ ಅದು, ಅದನ್ನು ಮರೆತುಬಿಡಿ. 30 ವರ್ಷದ 4 ಲಕ್ಷ ಡಾಲರ್ ಸಾಲಕ್ಕೆ ಶೇ 3ರ ಬಡ್ಡಿಯಲ್ಲಿ ತಿಂಗಳ ಕಂತು ಹತ್ತಿರ ಹತ್ತಿರ 1,690 ಡಾಲರ್. ಶೇ 7 ಆದರೆ 2,660. ಕೊಳ್ಳುವವರ ಸಂಬಳ ಅಷ್ಟು ಏರಿಲ್ಲ, ಅಲ್ವಾ? ಸಾಲದ್ದಕ್ಕೆ ನಿಮ್ಮ ಪಕ್ಕದ ಲಿಯಾಂಡರ್ ಕಡೆ ಬಿಲ್ಡರ್‌ಗಳು ಹೊಸ ಮನೆಯ ಜೊತೆ ಬಡ್ಡಿಯನ್ನೂ ಇಳಿಸಿ ಕೊಡುತ್ತಾರೆ. ನಿಮ್ಮ ಗಿರಾಕಿ ಮೊದಲು ಅಲ್ಲಿಗೆ ಹೋಗಿಯೇ ಬರುತ್ತಾನೆ.

ವೆಬ್‌ಸೈಟ್ ತೋರಿಸುವ ಅಂದಾಜು ನಂಬಬೇಡಿ. ಟೆಕ್ಸಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯಿತು ಅಂತ ಸರ್ಕಾರಕ್ಕೆ ಹೇಳಲೇಬೇಕೆಂದಿಲ್ಲ, ಹಾಗಾಗಿ ವೆಬ್‌ಸೈಟ್‌ಗೂ ನಿಜವಾದ ಬೆಲೆ ಸರಿಯಾಗಿ ಗೊತ್ತಿರುವುದಿಲ್ಲ. ನಿಮ್ಮದೇ ಬಡಾವಣೆಯಲ್ಲಿ ಈಚೆಗೆ ಕೈ ಬದಲಾದ ಮನೆಗಳ ನಿಜವಾದ ಬೆಲೆಯನ್ನು ಏಜೆಂಟ್ ಹತ್ತಿರ ಕೇಳಿ. ನನ್ನ ಮಟ್ಟಿಗೆ, ಮಾರಿಬಿಡಿ.

ಪ್ಲೇನೋದ ಓದುಗರು:
ಬಾಡಿಗೆಗೆ ಕೊಡುವ ಮುಂಚೆ ಲೆಕ್ಕ ಹಾಕಿ. ನೀವು ಅಲ್ಲಿ ವಾಸವಿಲ್ಲ ಅಂದರೆ ಹೋಮ್‌ಸ್ಟೆಡ್ ವಿನಾಯಿತಿ (ಸ್ವಂತ ವಾಸದ ಮನೆಗೆ ಸಿಗುವ ಆಸ್ತಿ ತೆರಿಗೆ ರಿಯಾಯಿತಿ) ಹೋಗುತ್ತದೆ, ಆಸ್ತಿ ತೆರಿಗೆ ಏರುತ್ತದೆ. ಇನ್ಶೂರೆನ್ಸನ್ನೂ ಬದಲಾಯಿಸಬೇಕು. ಆಸ್ಟಿನ್‌ನಲ್ಲಿ ಹೊಸ ಅಪಾರ್ಟ್‌ಮೆಂಟ್‌ಗಳು ರಾಶಿ ರಾಶಿ ಬಂದು ಬಾಡಿಗೆಯೂ ಇಳಿದಿದೆ. ಸ್ವಂತಕ್ಕಿದ್ದ ಮನೆ ಮಾರಿ ಆದ ನಷ್ಟವನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ. ಬಾಡಿಗೆಗೆ ಕೊಟ್ಟು ಆಮೇಲೆ ಮಾರಿದರೆ ಬಂದೀತು ಅಂತ ಕೆಲವರು ಅಂದುಕೊಳ್ಳುತ್ತಾರೆ. ಆದರೆ ಬಾಡಿಗೆಗೆ ಕೊಟ್ಟ ದಿನದವರೆಗಿನ ಬೆಲೆ ಇಳಿಕೆ ಆ ನಷ್ಟದ ಲೆಕ್ಕಕ್ಕೆ ಬರುವುದಿಲ್ಲ.

ಜಾರ್ಜ್‌ಟೌನ್‌ನ ಓದುಗರು:
ಬೆಂಗಳೂರಲ್ಲಿ ಸೈಟ್ ಬೆಲೆ ಏರುವುದನ್ನೇ ನೋಡಿ ಬೆಳೆದವರು ನಾವು. ಅದಕ್ಕೇ ಇಳಿಕೆ ಅಂದರೆ ಮೋಸ ಹೋದ ಹಾಗೆ ಅನಿಸುತ್ತದೆ. ಕಂತು ಕಟ್ಟಲು ಕಷ್ಟವಿಲ್ಲದಿದ್ದರೆ ಒಂದೆರಡು ವರ್ಷ ಬಾಡಿಗೆಗೆ ಕೊಟ್ಟು ನೋಡಿ, ಆತುರ ಯಾಕೆ? ಮೇಲಿನ ಎರಡು ಪತ್ರ ಬರೆದವರು ಒಪ್ಪಲಿಕ್ಕಿಲ್ಲ.

ಆಸ್ಟಿನ್‌ನ ಓದುಗರು:
ನಿಮ್ಮದು ಎಫ್‌ಎಚ್‌ಎ ಸಾಲವಾ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ವಿಮೆ ಇರುವ ಗೃಹಸಾಲವಾ? ಹಾಗಿದ್ದರೆ ಬ್ಯಾಂಕ್ ಒಪ್ಪಿದರೆ ಕೊಳ್ಳುವವರು ಅದೇ ಸಾಲವನ್ನು ಹಳೇ ಬಡ್ಡಿಗೇ ವಹಿಸಿಕೊಳ್ಳಬಹುದು. ಮನೆ ಬೆಲೆಗೂ ಉಳಿದ ಸಾಲಕ್ಕೂ ಅಂತರ ಕಡಿಮೆ ಇರುವುದರಿಂದ ಅವರು ಕೈಯಿಂದ ಹಾಕುವ ದುಡ್ಡೂ ಜಾಸ್ತಿ ಬೇಕಾಗದು. ಜಾಹೀರಾತಲ್ಲಿ ಇದನ್ನೇ ಮೊದಲ ವಾಕ್ಯದಲ್ಲಿ ಹಾಕಿಸಿ.