ಗೋಡೆ ಸೌಂಡ್‌ಪ್ರೂಫಿಂಗ್ ಮತ್ತು ಡ್ಯಾಂಪಿಂಗ್ ಕಾಂಪೌಂಡ್: ಅಕೌಸ್ಟಿಕ್ಸ್ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಪಕ್ಕದ ರೂಮಿನ ಶಬ್ದ ತಡೆಯೋದು ಹೇಗೆ, ಡ್ಯಾಂಪಿಂಗ್ ಕಾಂಪೌಂಡ್ (ಎರಡು ಬೋರ್ಡ್ ಮಧ್ಯೆ ಹಚ್ಚೋ, ಮೆತ್ತಗೇ ಉಳಿಯೋ ಪೇಸ್ಟ್) ಕೆಲಸ ಮಾಡುತ್ತಾ ಅಂತ ದಿನಾ ಒಂದು ಪೋಸ್ಟ್ ಬರ್ತಾನೇ ಇದೆ. ಅದಕ್ಕೆ ಗ್ರೂಪಲ್ಲೇ ಇರೋ ಅಕೌಸ್ಟಿಕ್ಸ್ ಇಂಜಿನಿಯರ್ ಒಬ್ರು ಉತ್ತರ ಕೊಡೋಕೆ ಒಪ್ಕೊಂಡಿದಾರೆ. ಇಲ್ಲೇ ಕಾಮೆಂಟಲ್ಲಿ ಕೇಳಿ. ಕೇಳೋ ಮುಂಚೆ ಮೇಲಿನ ಉತ್ತರ ಓದಿ ಪ್ಲೀಸ್.

ಹೊಸಮನೆ: ಮೇಡಂ, ನಮ್ದು ಇಟ್ಟಿಗೆ ಗೋಡೆ, ಪ್ಲಾಸ್ಟರ್ ಆಗಿದೆ. ಈ ಕಾಂಪೌಂಡನ್ನ ನೇರವಾಗಿ ಗೋಡೆಗೆ ಹಚ್ಚಿ ಮೇಲೆ ಪೇಂಟ್ ಹೊಡೆಸಬಹುದಾ?

ಇಂಜಿನಿಯರ್: ಬೇಡ, ದುಡ್ಡು ದಂಡ. ಇದು ಪೇಂಟ್ ಅಲ್ಲ, ಅಂಟೂ ಅಲ್ಲ. ಎರಡು ಗಟ್ಟಿ ಬೋರ್ಡ್ ಮಧ್ಯೆ ಇದ್ರೆ ಮಾತ್ರ ಇದಕ್ಕೆ ಕೆಲಸ. ಶಬ್ದ ಬಿದ್ದಾಗ ಬೋರ್ಡ್ ಬಾಗುತ್ತೆ, ಬಾಗಿದಾಗ ಎರಡು ಬೋರ್ಡ್ ಒಂದರ ಮೇಲೊಂದು ಕಣ್ಣಿಗೆ ಕಾಣದಷ್ಟು ಜಾರುತ್ತೆ, ಆ ಜಾರಾಟದಲ್ಲಿ ಮಧ್ಯದ ಮೆತ್ತನೆ ಪದರ ಎಳೆದಾಡಿ ಕಂಪನದ ಶಕ್ತಿನ ಒಂದಷ್ಟು ಶಾಖ ಮಾಡಿ ತಿಂದ್ಹಾಕುತ್ತೆ. ಇಟ್ಟಿಗೆ ಗೋಡೆ ಬಾಗೋದೇ ಕಮ್ಮಿ, ಮೇಲೆ ಹಚ್ಚಿದ್ದನ್ನ ಎಳೆಯೋಕೆ ಆ ಕಡೆ ಎರಡನೇ ಬೋರ್ಡೂ ಇಲ್ಲ. ಒಣಗಿ ಹಾಗೇ ಕೂತ್ಕೊಳ್ಳುತ್ತೆ ಅಷ್ಟೇ.

ಗೋಡೆ ಗಿರಾಕಿ: ಎಷ್ಟು ಟ್ಯೂಬ್ ಬೇಕಾಗುತ್ತೆ? ರೇಟ್ ಎಷ್ಟು?

ಇಂಜಿನಿಯರ್: 4 ಅಡಿ 8 ಅಡಿ ಬೋರ್ಡಿಗೆ 828 ಮಿಲೀ ಟ್ಯೂಬ್ 2. ಬೋರ್ಡ್ ಹಿಂದೆ ಅಡ್ಡಾದಿಡ್ಡಿ ಗೆರೆ ಹಾಗೆ ಹಿಂಡ್ಕೊಂಡು ಹೋಗಿ, ಅಂಚಲ್ಲಿ 2 ಇಂಚು ಬಿಡಿ, ಹಿಡ್ಕೊಂಡು ಎತ್ತೋಕೆ ಬೇಕು. ಹಚ್ಚಿ ಕಾಲು ಗಂಟೆ ಒಳಗೆ ಬೋರ್ಡ್ ಏರಿಸಿ ಸ್ಕ್ರೂ ಹೊಡೀಬೇಕು, ಕಾಂಪೌಂಡ್ ಬೋರ್ಡನ್ನ ಹಿಡ್ಕೊಳ್ಳಲ್ಲ. ರೇಟ್ ನಾನು ಹೇಳಲ್ಲ, ನಾನು ಮಾರೋದಿಲ್ಲ.

ಬಾಡಿಗೆದಾರ: ನಮ್ದು ಬಾಡಿಗೆ ಮನೆ, ಗೋಡೆಗೆ ಸ್ಕ್ರೂ ಹೊಡೆಯೋ ಹಾಗಿಲ್ಲ. ಏನಾದ್ರೂ ದಾರಿ ಇದ್ಯಾ?

ಸುಲಭ ಉಪಾಯ: ಫಾರ್ವರ್ಡ್ ಬಂದಿತ್ತು, ಹಾಕ್ತಿದೀನಿ. "ಮೊಟ್ಟೆ ಟ್ರೇ ಗೋಡೆಗೆ ಅಂಟಿಸಿ, ಮೇಲೆ ಫೋಮ್ ಶೀಟ್ ಹಾಕಿ, 90% ಶಬ್ದ ಮಾಯ, ಸ್ಟುಡಿಯೋದವರ ರಹಸ್ಯ." ತುಂಬಾ ಜನಕ್ಕೆ ಉಪಯೋಗ ಆಗುತ್ತೆ.

ಇಂಜಿನಿಯರ್: ಯಾರಿಗೂ ಉಪಯೋಗ ಆಗಲ್ಲ. ಮೊಟ್ಟೆ ಟ್ರೇ, ಫೋಮ್ ಇವೆಲ್ಲ ರೂಮಿನ ಒಳಗಿನ ಪ್ರತಿಧ್ವನಿ ಸ್ವಲ್ಪ ಇಳಿಸುತ್ತೆ. ಪಕ್ಕದ ರೂಮಿಗೆ ಹೋಗೋ ಶಬ್ದ ತಡೆಯೋಕೆ ತೂಕ ಬೇಕು, ಗಾಳಿ ಆಡದ ಸೀಲ್ ಬೇಕು, ಟ್ರೇಯಲ್ಲಿ ಎರಡೂ ಇಲ್ಲ. ಮತ್ತೆ "90%" ಅನ್ನೋದನ್ನ ನಂಬಬೇಡಿ. ಶಬ್ದದ ಶಕ್ತಿ 90% ಇಳಿದ್ರೆ ಅದು 10 ಡೆಸಿಬಲ್, ಕಿವಿಗೆ ಹೆಚ್ಚುಕಮ್ಮಿ ಅರ್ಧ ಆದ ಹಾಗೆ ಕೇಳುತ್ತೆ, ಮಾಯ ಆಗಲ್ಲ. ಟ್ರೇಯಿಂದ ಅದೂ ಆಗಲ್ಲ.

ಫೋಮ್ ವಿಷಯ ಇನ್ನೂ ಗಂಭೀರ. ಸಾದಾ ಪಾಲಿಯುರೆಥೇನ್ ಫೋಮಿಗೆ ಬೆಂಕಿ ತಗುಲಿದ್ರೆ ನಿಮಿಷಗಳಲ್ಲಿ ರೂಮ್ ತುಂಬ ವಿಷದ ಹೊಗೆ. 2003ರಲ್ಲಿ ಅಮೆರಿಕದ ರೋಡ್ ಐಲ್ಯಾಂಡಲ್ಲಿ ಒಂದು ನೈಟ್‌ಕ್ಲಬ್‌ಗೆ ಬೆಂಕಿ ಬಿದ್ದು 100 ಜನ ಸತ್ರು. ಶಬ್ದ ಹೊರಗೆ ಹೋಗಬಾರ್ದು ಅಂತ ಗೋಡೆಗೆ ಹಾಕಿದ್ದ ಫೋಮಿಗೆ ಪಟಾಕಿ ಕಿಡಿ ತಗುಲಿತ್ತು. 2013ರಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾದಲ್ಲಿ ಮತ್ತೆ ಅದೇ ಕಥೆ, 242 ಜನ. ಮಲಗೋ ರೂಮಿನ ಗೋಡೆಗೆ ಇದನ್ನ ಅಂಟಿಸಿ ಅಂತ ಫಾರ್ವರ್ಡ್ ಮಾಡೋರು ಒಂದು ಸಲ ಯೋಚನೆ ಮಾಡಿ.

ಸುಲಭ ಉಪಾಯ: ನಾನು ಬರೀ ಶೇರ್ ಮಾಡಿದ್ದು, ಇಷ್ಟೊಂದು ಬಯ್ಯೋದೇನಿತ್ತು.

ಮೂರನೇ ಮಹಡಿ: ಮೇಡಂ ನಂದೊಂದು ವಿಚಿತ್ರ ಸಮಸ್ಯೆ. ಪಕ್ಕದ ಮನೆಯವರ ಸಬ್‌ವೂಫರ್ ಕಾಟಕ್ಕೆ ಇಟ್ಟಿಗೆ ಗೋಡೆ ಮೇಲೆ ರೀಪರ್ (ಮರದ ಪಟ್ಟಿ) ಹೊಡೆದು ಜಿಪ್ಸಮ್ ಬೋರ್ಡ್ ಹಾಕಿಸ್ದೆ. ಈಗ ಮೊದಲಿಗಿಂತ ಜಾಸ್ತಿ ಧುಂ ಧುಂ ಅನ್ಸುತ್ತೆ. ಮನೆಯವರೆಲ್ಲ ನಿನ್ನ ಭ್ರಮೆ ಅಂತಾರೆ. ಇದರ ಮೇಲೆ ಕಾಂಪೌಂಡ್ ಹಚ್ಚಿ ಇನ್ನೊಂದು ಬೋರ್ಡ್ ಹಾಕಿದ್ರೆ ಸರಿ ಹೋಗುತ್ತಾ?

ಇಂಜಿನಿಯರ್: ರೀಪರ್ ಎಷ್ಟು ದಪ್ಪ? ಬೋರ್ಡ್ ಎಷ್ಟು ಮಿಮೀ, ಒಂದೇನಾ? ಒಳಗೆ ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ತುಂಬಿದೀರಾ? ಪಕ್ಕದವರ ಮಾತಿನ ಶಬ್ದ ಕಮ್ಮಿ ಆಗಿದ್ಯಾ?

ಮೂರನೇ ಮಹಡಿ: ರೀಪರ್ 1 ಇಂಚು. ಬೋರ್ಡ್ 12.5 ಮಿಮೀ, ಒಂದೇ. ಒಳಗೆ ಏನೂ ಇಲ್ಲ, ಖಾಲಿ. ಹೌದು ಮೇಡಂ, ಮಾತು ಕಮ್ಮಿ ಆಗಿದೆ! ಬರೀ ಆ ಧುಂ ಧುಂ ಜಾಸ್ತಿ.

ಇಂಜಿನಿಯರ್: ಭ್ರಮೆ ಅಲ್ಲ, ನಿಮ್ಮ ಕಿವಿ ಸರಿಯಾಗೇ ಹೇಳ್ತಿದೆ, ಮನೆಯವರಿಗೆ ಇದನ್ನ ಓದಿ ಹೇಳಿ. ಗೋಡೆಗೂ ಬೋರ್ಡಿಗೂ ಮಧ್ಯೆ ಸಿಕ್ಕಾಕ್ಕೊಂಡಿರೋ ಗಾಳಿ ಸ್ಪ್ರಿಂಗ್ ಹಾಗೆ ಕೆಲಸ ಮಾಡುತ್ತೆ, ಬೋರ್ಡ್ ಅದರ ಮೇಲಿರೋ ತೂಕ. ಆ ಜೋಡಿಗೆ ತನ್ನದೇ ಒಂದು ಅನುರಣನ ಇರುತ್ತೆ, ಅಂದ್ರೆ ಒಂದು ಸ್ವರಕ್ಕೆ ಮಾತ್ರ ತಾನೂ ಜೋರಾಗಿ ಕಂಪಿಸುತ್ತೆ. 12.5 ಮಿಮೀ ಬೋರ್ಡ್ ಚದರ ಮೀಟರಿಗೆ ಸುಮಾರು 10 ಕೆಜಿ, ಗಾಳಿಯ ಸಂದು 25 ಮಿಮೀ. ಲೆಕ್ಕ ಹಾಕಿದ್ರೆ 120 ಹರ್ಟ್ಝ್ ಹತ್ತಿರ ಬರುತ್ತೆ, ಸಬ್‌ವೂಫರ್ ಗುಂಯ್ ಅನ್ನೋ ಜಾಗದಲ್ಲೇ. ಅಲ್ಲಿ ಬೋರ್ಡ್ ತಡೆಯೋ ಬದಲು ಜೊತೆಗೂಡಿ ಕುಣಿಯುತ್ತೆ, ಬರೀ ಗೋಡೆ ಇದ್ದಾಗಿಗಿಂತ ಜಾಸ್ತಿ ಶಬ್ದ ಈ ಕಡೆ ಬರುತ್ತೆ. ಲಾಭ ಶುರು ಆಗೋದು ಸುಮಾರು 170 ಹರ್ಟ್ಝ್ ಮೇಲೆ, ಅದಕ್ಕೇ ಮಾತು ಕಮ್ಮಿ ಆಗಿರೋದು. ನೀವು ಆ ಎರಡೂ ಗಮನಿಸಿ ಬರೆದಿದ್ದಕ್ಕೆ ಇಷ್ಟು ಖಚಿತವಾಗಿ ಹೇಳೋಕೆ ಆಯ್ತು.

ಈಗ ಅದೇ ರೀಪರ್ ಮೇಲೆ ಕಾಂಪೌಂಡ್, ಇನ್ನೊಂದು ಬೋರ್ಡ್ ಹಾಕಿದ್ರೆ ತೂಕ 20 ಕೆಜಿ ಆಗಿ 120 ಇದ್ದದ್ದು 85 ಹರ್ಟ್ಝ್‌ಗೆ ಇಳಿಯುತ್ತೆ. ಇನ್ನೂ ಬಾಸ್ ಒಳಗೇ ಇದೆ. ಕಾಂಪೌಂಡ್ ಬೋರ್ಡಿನ ಬಾಗಾಟ ತಗ್ಗಿಸುತ್ತೆ, ಗಾಳಿಯ ಸ್ಪ್ರಿಂಗನ್ನ ಬದಲಾಯಿಸಲ್ಲ. ಆದ್ರಿಂದ ಬೋರ್ಡ್ ಬಿಚ್ಚಿಸಿ. ಇಟ್ಟಿಗೆಗೆ ಎಲ್ಲೂ ತಾಗದ ಹಾಗೆ ಬೇರೆ ಮೆಟಲ್ ಫ್ರೇಮ್ ನಿಲ್ಲಿಸಿ, ನೆಲಕ್ಕೆ ಸೀಲಿಂಗಿಗೆ ಮಾತ್ರ ಹಿಡಿತ, ಕೆಳಗೆ ಮೇಲೆ ರಬ್ಬರ್ ಪಟ್ಟಿ. ಗೋಡೆಯಿಂದ ಬೋರ್ಡಿಗೆ 100 ಮಿಮೀ ಸಂದು, ಅದರಲ್ಲಿ 50 ಮಿಮೀ ರಾಕ್‌ವುಲ್, ಅದುಮಿ ತುಂಬಬೇಡಿ. ಆಮೇಲೆ ಬೋರ್ಡ್, ಕಾಂಪೌಂಡ್, ಬೋರ್ಡ್, ಜಾಯಿಂಟ್‌ಗಳು ಒಂದರ ಮೇಲೊಂದು ಬರದ ಹಾಗೆ. ಅಂಚಲ್ಲಿ ಸುತ್ತ 6 ಮಿಮೀ ಬಿಟ್ಟು ಗಟ್ಟಿ ಆಗದ ಅಕೌಸ್ಟಿಕ್ ಸೀಲೆಂಟ್ ತುಂಬಿ. ಆಗ ಅನುರಣನ 40 ಹರ್ಟ್ಝ್ ಆಸುಪಾಸಿಗೆ ಹೋಗುತ್ತೆ, ಬಾಸಿನ ಬಹುಪಾಲು ಅದರ ಮೇಲಿರುತ್ತೆ. ರೂಮಲ್ಲಿ 5 ಇಂಚು ಹೋಗುತ್ತೆ, ಅದನ್ನ ಮೊದಲೇ ಯೋಚಿಸಿ. ತೀರಾ ಕೆಳಗಿನ ಗುಡುಗು ಸ್ವಲ್ಪ ಉಳಿಯುತ್ತೆ, ನೆಲ ಮತ್ತು ಅಕ್ಕಪಕ್ಕದ ಗೋಡೆಯಲ್ಲಿ ಹರಿದು ಬರೋದನ್ನ ಈ ಒಂದು ಗೋಡೆ ತಡೆಯಲ್ಲ. ಬೋರ್ಡ್ ಬಿಚ್ಚಿದ ದಿನ ಅದೇ ಹಾಡು ಅದೇ ವಾಲ್ಯೂಮಲ್ಲಿ ಹಾಕಿಸಿ ಕೇಳಿ ಬರೀರಿ, ನನಗೆ ನಿಜವಾಗ್ಲೂ ಗೊತ್ತಾಗ್ಬೇಕು.

ಗಾರೆ ಕೆಲಸ: ಇದೆಲ್ಲಾ ಬೋರ್ಡ್ ಕಂಪನಿಯವರ ವ್ಯಾಪಾರ. ಇನ್ನೊಂದು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಎಬ್ಬಿಸಿ, ಶಬ್ದ ನಿಲ್ಲುತ್ತೆ. ಹಳಬರು ಹಾಗೇ ಮಾಡ್ತಿದ್ರು.

ಡಬಲ್ ಬೋರ್ಡ್: ಮೂರನೇ ಮಹಡೀಲಿ ಸ್ಲ್ಯಾಬ್ ಮೇಲೆ ಆ ಲೋಡ್ ಯಾರು ಹೊರ್ತಾರೆ ಸ್ವಾಮಿ?

ಗಾರೆ ಕೆಲಸ: ನೀವು ಇಂಜಿನಿಯರಾ? ನಾನು ಸಾಕಷ್ಟು ಮನೆ ಕಟ್ಸಿದೀನಿ.

ಡಬಲ್ ಬೋರ್ಡ್: ಕಟ್ಸಿದ್ದು ಸರಿ, ಅವುಗಳಲ್ಲಿ ಶಬ್ದ ಎಷ್ಟು ಇಳೀತು ಅಂತ ಅಳೆದಿದೀರಾ?

ಬಡಗಣ ಮಂದಿ: ಇಬ್ರೂ ಸುಮ್ನಿರ್ರಿ, ಮೇಡಂ ಅವ್ರು ಹೇಳ್ಲಿ. ನಾವು ಓದಾಕ ಬಂದೀವಿ, ನಿಮ್ಮ ಜಗಳ ನೋಡಾಕ ಅಲ್ಲ.

ಇಂಜಿನಿಯರ್: ಎರಡೂ ಕಡೆ ಪ್ಲಾಸ್ಟರ್ ಆದ ನಾಲ್ಕೂವರೆ ಇಂಚಿನ ಗೋಡೆ ಚದರ ಮೀಟರಿಗೆ ಸುಮಾರು 250 ಕೆಜಿ. 3 ಮೀಟರ್ ಎತ್ತರಕ್ಕೆ, ಒಂದೊಂದು ಮೀಟರ್ ಉದ್ದಕ್ಕೆ 750 ಕೆಜಿ. ಕೆಳಗೆ ಬೀಮ್ ಇಲ್ಲದ ಕಡೆ ಸ್ಟ್ರಕ್ಚರಲ್ ಇಂಜಿನಿಯರ್ ನೋಡದೆ ಇದನ್ನ ಎಬ್ಬಿಸೋದು ಅಪಾಯ. ಹಳೇ ಗೋಡೆಗೆ ಅಂಟಿಸಿ ಕಟ್ಟಿದ್ರೆ ತೂಕ ಡಬಲ್ ಆಗಿ ಸಿಗೋದು 5-6 ಡೆಸಿಬಲ್ ಅಷ್ಟೇ. ಈ ಚರ್ಚೆ ಇಲ್ಲಿಗೆ ಸಾಕು.

ಗಾರೆ ಕೆಲಸ: ಪುಸ್ತಕದ ಲೆಕ್ಕ.

ಸುಲಭ ಉಪಾಯ: ಕಾಂಪೌಂಡ್ ಬದಲು ಮರದ ಅಂಟು ಹಚ್ಚಿದ್ರೂ ಅದೇ ರಿಸಲ್ಟ್ ಅಂತ ಇನ್ನೊಂದು ವಿಡಿಯೋ ಇದೆ. ಲಿಂಕ್ ಬೇಕಾದವರು ಹೇಳಿ.

ಇಂಜಿನಿಯರ್: ಲಿಂಕ್ ಹಾಕಬೇಡಿ. ಗಟ್ಟಿ ಆಗೋ ಅಂಟು ಹಚ್ಚಿದ್ರೆ ಎರಡು 12.5 ಮಿಮೀ ಬೋರ್ಡ್ ಸೇರಿ ಒಂದು 25 ಮಿಮೀ ಬಿಗಿ ಬೋರ್ಡ್ ಆಗುತ್ತೆ. 12.5 ಮಿಮೀ ಬೋರ್ಡ್ ಶಬ್ದ ತಡೆಯೋದ್ರಲ್ಲಿ ಸೋಲೋದು 2500-3000 ಹರ್ಟ್ಝ್ ಹತ್ತಿರ. ದಪ್ಪ ಡಬಲ್ ಆದ್ರೆ ಆ ಸೋಲು ಅದರ ಅರ್ಧಕ್ಕೆ ಇಳಿದು ಮಾತಿನ ನಟ್ಟನಡುವೆ ಬಂದು ಕೂರುತ್ತೆ. ಅಂದ್ರೆ ದುಡ್ಡು ಕೊಟ್ಟು ಗೋಡೆನ ಹಾಳು ಮಾಡ್ಕೊಂಡ ಹಾಗೆ. ಡ್ಯಾಂಪಿಂಗ್ ಕಾಂಪೌಂಡ್ ವರ್ಷಗಟ್ಟಲೆ ಮೆತ್ತಗೆ ಇರೋ ಹಾಗೆ ಮಾಡಿರೋದು, ಅದರ ಕೆಲಸವೇ ಅದು. ಸಿಲಿಕಾನ್, ರಬ್ಬರ್ ಪುಡಿ ಬೆರೆಸಿದ ಪೇಂಟ್ ಇವನ್ನೂ ಕೇಳೋಕೆ ಹೋಗಬೇಡಿ, ಉತ್ತರ ಅದೇ.

ಬಾಡಿಗೆದಾರ: ಬಾಡಿಗೆ ಮನೆಗೆ ಏನಾದ್ರೂ?

ನಿದ್ದೆಗೆಟ್ಟವ: ಮೇಲಿನ ಮನೆಯವರ ಹೆಜ್ಜೆ ಸದ್ದಿಗೆ ನಮ್ಮ ಗೋಡೆಗೆ ಕಾಂಪೌಂಡ್ ಹಾಕಿದ್ರೆ ಆಗುತ್ತಾ?

ಇಂಜಿನಿಯರ್: ಆಗಲ್ಲ. ಹೆಜ್ಜೆ ಸದ್ದು ಸ್ಲ್ಯಾಬಿಗೆ ಬಿದ್ದು ಅಲ್ಲಿಂದ ಎಲ್ಲಾ ಗೋಡೆಗೂ ಹರಿಯುತ್ತೆ. ಅದನ್ನ ಮೇಲಿನವರ ನೆಲದಲ್ಲೇ ತಡೀಬೇಕು, ದಪ್ಪ ಕಾರ್ಪೆಟ್ಟೋ ಟೈಲ್ಸ್ ಕೆಳಗೆ ಮೆತ್ತನೆ ಪದರವೋ.

ಕೆಲಸ ಮುಗೀತು: ನಾನು ಬೋರ್ಡ್, ಕಾಂಪೌಂಡ್ ಎಲ್ಲ ಹಾಕಿಸಿ ಮೂರು ದಿನ ಆಯ್ತು, ವ್ಯತ್ಯಾಸವೇ ಇಲ್ಲ. ಮೋಸ ಇದು.

ಇಂಜಿನಿಯರ್: ಕಾಂಪೌಂಡ್ ಪೂರ್ತಿ ಹದಕ್ಕೆ ಬರೋಕೆ ಹತ್ತಿರ ಹತ್ತಿರ 30 ದಿನ ಬೇಕು. ಆದ್ರೆ ಬೋರ್ಡಿನ ತೂಕದಿಂದ್ಲಾದ್ರೂ ಈಗಲೇ ಸ್ವಲ್ಪ ಕಮ್ಮಿ ಆಗ್ಬೇಕಿತ್ತು, ಏನೂ ಇಲ್ಲ ಅಂದ್ರೆ ಶಬ್ದ ಬೇರೆ ದಾರೀಲಿ ಬರ್ತಿದೆ. ಬಾಗಿಲ ಕೆಳಗೆ ಎಷ್ಟು ಸಂದಿದೆ? ಎರಡೂ ರೂಮಿನ ಸ್ವಿಚ್ ಬೋರ್ಡ್ ಬೆನ್ನಿಗೆ ಬೆನ್ನು ಇದ್ಯಾ? ಫಾಲ್ಸ್ ಸೀಲಿಂಗ್ ಮೇಲೆ ಗೋಡೆ ಸ್ಲ್ಯಾಬಿನವರೆಗೂ ಹೋಗಿದ್ಯಾ? ಗೋಡೆಯ ಜಾಗದಲ್ಲಿ ನೂರಕ್ಕೆ ಒಂದು ಭಾಗ ತೂತು ಇದ್ರೆ ಉಳಿದಿದ್ದು ಎಷ್ಟೇ ಚೆನ್ನಾಗಿರಲಿ, ಒಟ್ಟು 20 ಡೆಸಿಬಲ್ ಮೇಲೆ ತಡೆಯಲ್ಲ. ರಾತ್ರಿ ಆ ರೂಮಲ್ಲಿ ಲೈಟ್ ಹಾಕಿ ಈ ರೂಮ್ ಕತ್ತಲೆ ಮಾಡಿ ನೋಡಿ, ಬೆಳಕು ಬರೋ ಕಡೆಯೆಲ್ಲ ಶಬ್ದಾನೂ ಬರುತ್ತೆ.

ಗೋಡೆ ಗಿರಾಕಿ2: ಎಷ್ಟು ಟ್ಯೂಬ್ ಬೇಕು ಮೇಡಂ?

ಇಂಜಿನಿಯರ್: ಮೇಲಿದೆ.

ಮಗು ಮಲಗಲಿ: ಮೇಡಂ ನಮ್ಮ ಮಗುಗೆ ಐದು ತಿಂಗಳು, ಹಾಲ್‌ನ ಟಿವಿ ಶಬ್ದಕ್ಕೆ ಬೆಚ್ಚಿ ಏಳುತ್ತೆ. ಗೋಡೆಗೆ ಕಾಂಪೌಂಡ್ ಹಾಕ್ಸೋದ್ರ ಜೊತೆಗೆ, ಫಾರ್ವರ್ಡಲ್ಲಿ ಬಂದ ಹಾಗೆ ಬಾಗಿಲ ಸಂದಿಗೆಲ್ಲ ರಬ್ಬರ್ ಪಟ್ಟಿ, ಅಟ್ಯಾಚ್ಡ್ ಬಾತ್‌ರೂಮಿನ ವೆಂಟಿಲೇಟರಿಗೆ ಸ್ಪ್ರೇ ಫೋಮ್ ತುಂಬಿಸ್ತಿದೀವಿ. ನಾಳೆ ಕೆಲಸದವರು ಬರ್ತಾರೆ. ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಇದೆ, ಅದರ ಬಿಸಿಗೆ ಫೋಮ್ ಕರಗಲ್ಲ ತಾನೇ?

ಇಂಜಿನಿಯರ್: ನಾಳೆ ಕೆಲಸ ನಿಲ್ಸಿ. ವೆಂಟಿಲೇಟರ್ ಮುಚ್ಚಲೇಬೇಡಿ. ಫೋಮ್ ಕರಗೋ ಪ್ರಶ್ನೆ ಆಮೇಲೆ.

ಗ್ಯಾಸ್ ಗೀಸರ್ ಉರಿಯೋಕೆ ಆ ರೂಮಿನ ಗಾಳಿಯನ್ನೇ ಎಳ್ಕೊಳ್ಳುತ್ತೆ. ಹೊಸ ಗಾಳಿ ಬರೋ ದಾರಿ ಮುಚ್ಚಿದ್ರೆ ಆಮ್ಲಜನಕ ಕಮ್ಮಿ ಆಗಿ ಜ್ವಾಲೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ. ದೊಡ್ಡವರಿಗೆ ತಲೆನೋವು, ವಾಕರಿಕೆ, ಮಂಪರು ಬರುತ್ತೆ, ಸಮಯಕ್ಕೆ ಗೊತ್ತಾದ್ರೆ ಹೊರಗೆ ಓಡಬಹುದು. ಐದು ತಿಂಗಳ ಮಗು ತಲೆನೋವು ಅಂತ ಹೇಳಲ್ಲ, ಮಲಗಿದೆ ಅಂತಾನೇ ಅಂದ್ಕೋತೀರಿ. ಬಾತ್‌ರೂಮ್ ಬಾಗಿಲು ತೆರೆಯೋದು ಆ ರೂಮಿಗೇ, ಆ ರೂಮಿನ ಬಾಗಿಲಿಗೂ ರಬ್ಬರ್ ಹಾಕಿ ಬಿಗಿ ಮಾಡ್ತಿದೀರಿ. ಈ ಥ್ರೆಡ್ಡಲ್ಲಿ ನನಗೆ ನಿಜವಾಗ್ಲೂ ಭಯ ಆಗಿದ್ದು ಇದನ್ನ ಓದಿ.

ಗೀಸರ್ ಹೊಗೆ ಪೈಪ್ ಎಲ್ಲಿಗೆ ಹೋಗುತ್ತೆ ನೋಡಿ ಹೇಳಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ತಂದು ಮಗು ರೂಮಲ್ಲಿ ಹಾಕಿ, ಸ್ಮೋಕ್ ಅಲಾರಂ ಸಾಲಲ್ಲ, ಅದು ಇದನ್ನ ಹಿಡಿಯಲ್ಲ. ಶಬ್ದಕ್ಕೆ: ಮೊದಲು ಟಿವಿ ಸ್ಪೀಕರನ್ನ ಆ ಗೋಡೆಯಿಂದ ತೆಗೆದು ಎದುರಿನ ಕಡೆ ಇಡಿ. ಬಾಗಿಲು ಟೊಳ್ಳು ಇದ್ರೆ ಘನ ಬಾಗಿಲು ಹಾಕ್ಸಿ, ನಿಮ್ಮ ಮನೇಲಿ ಗೋಡೆಗಿಂತ ಬಾಗಿಲೇ ಸೋರ್ತಿರೋ ಸಾಧ್ಯತೆ ಜಾಸ್ತಿ. ಗಾಳಿ ಬೇಕು, ಶಬ್ದ ಬೇಡ ಅಂದ್ರೆ ಒಳಗೆ ರಾಕ್‌ವುಲ್ ಹಾಸಿದ, ಎರಡು ತಿರುವಿರೋ ಡಕ್ಟ್ ಮಾಡಿಸಬಹುದು. ಆದ್ರೆ ಗೀಸರ್ ವಿಷಯ ಇತ್ಯರ್ಥ ಆಗೋವರೆಗೂ ಅದೂ ಬೇಡ.

ಗಾರೆ ಕೆಲಸ: ಸುಮ್ನೆ ಹೆದರಿಸಬೇಡಿ ಮೇಡಂ. ನಮ್ಮನೇಲಿ ಎಷ್ಟೋ ವರ್ಷದಿಂದ ಬಾತ್‌ರೂಮಲ್ಲೇ ಗ್ಯಾಸ್ ಗೀಸರ್ ಇದೆ, ಏನೂ ಆಗಿಲ್ಲ.

ಇಂಜಿನಿಯರ್: ನಿಮ್ಮನೇಲಿ ವೆಂಟಿಲೇಟರಿಗೆ ಫೋಮ್ ತುಂಬಿದೀರಾ? ಇಲ್ಲ ತಾನೇ. ಒಂದು ಮಗುವಿನ ಜೀವದ ಮಾತು ಇದು, ಇಲ್ಲಿ ನಿಮ್ಮ ಜೊತೆ ವಾದ ಮಾಡಲ್ಲ.

ಸುಲಭ ಉಪಾಯ: ಆ ಫಾರ್ವರ್ಡ್ ನಾನು ಹಾಕಿದ್ದಲ್ಲ.

ಡಬಲ್ ಬೋರ್ಡ್: ಯಾರು ಹಾಕಿದ್ರೂ ಡಿಲೀಟ್ ಮಾಡಿ ಅಡ್ಮಿನ್.

ಗಾರೆ ಕೆಲಸ: ಹಂಗಾದ್ರೆ ಇಲ್ಲಿ ಮೇಡಂ ಒಬ್ರೇ ಮಾತಾಡ್ಲಿ, ನಾವ್ಯಾಕೆ ಇರೋದು.

ಅಡ್ಮಿನ್: ದಯವಿಟ್ಟು ವೈಯಕ್ತಿಕ ಬೇಡ. ಫಾರ್ವರ್ಡ್ ತೆಗೆದಿದೀನಿ.

ಬಾಡಿಗೆದಾರ: ನನ್ನ ಪ್ರಶ್ನೆ ಯಾರೂ ನೋಡ್ಲಿಲ್ಲ.

ಗೋಡೆ ಗಿರಾಕಿ: ರೇಟ್ ಇನ್‌ಬಾಕ್ಸ್ ಮಾಡಿ ಮೇಡಂ.

ಮಗು ಮಲಗಲಿ: ಮೇಡಂ ನೋಡ್ದೆ. ಗೀಸರಿಗೆ ಪೈಪೇ ಇಲ್ಲ, ಹೊಗೆ ಬಾತ್‌ರೂಮ್ ಒಳಗೇ ಬರುತ್ತೆ. ಕೆಲಸದವರಿಗೆ ಬೇಡ ಅಂತ ಫೋನ್ ಮಾಡಿದೀನಿ. ಈಗೇನು ಮಾಡ್ಲಿ?

ಇಂಜಿನಿಯರ್: ಒಳ್ಳೇದು ಮಾಡಿದ್ರಿ. ಇವತ್ತೇ ಅದರ ಗ್ಯಾಸ್ ವಾಲ್ವ್ ಬಂದ್ ಮಾಡಿ, ಅದನ್ನ ಹೊರಗಿನ ಗೋಡೆಗೆ ಸ್ಥಳಾಂತರ ಮಾಡೋವರೆಗೂ ಹಚ್ಚಬೇಡಿ, ಇಲ್ಲಾ ಕರೆಂಟ್ ಗೀಸರ್ ಹಾಕ್ಸಿ. ಈಚೆಗೆ ಸ್ನಾನ ಆದ್ಮೇಲೆ ಯಾರಿಗಾದ್ರೂ ತಲೆನೋವು, ವಾಕರಿಕೆ ಆಗಿದ್ರೆ ಮಗುನ ಕರ್ಕೊಂಡು ಡಾಕ್ಟರ್ ಹತ್ರ ಹೋಗಿ, ಗೀಸರ್ ವಿಷಯ ಮೊದಲೇ ಹೇಳಿ. ಗೋಡೆ ವಿಷಯ ಅದೆಲ್ಲ ಆದ್ಮೇಲೆ ನನಗೆ ಬರೀರಿ.