ಸಹಾಯ ಬೇಕು: ಅಮ್ಮನನ್ನು ಮಂಗಳೂರಿಗೆ ಕರೆದುಕೊಂಡು ಹೋಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. (ಇದು 2021ರ ಕೋವಿಡ್ ಸಮಯದ ಪೋಸ್ಟ್.) ನಾವು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವರು. ಅಮ್ಮನಿಗೆ ಶುಗರ್ ಇದೆ. ಕೋವಿಶೀಲ್ಡ್ ಲಸಿಕೆ ಒಂದೇ ಡೋಸ್ ಆಗಿದೆ, ಈಗಿನ (2021ರ) ನಿಯಮದಂತೆ ಎರಡನೆಯದಕ್ಕೆ 84 ದಿನ ಕಾಯಬೇಕು. ಅಷ್ಟರೊಳಗೆ ಎರಡು ಕಡೆ ಹೋಗುವುದಿದೆ: ಮಂಗಳೂರಿನಲ್ಲಿ ಕಣ್ಣಿನ ಇಂಜೆಕ್ಷನ್, ಪುತ್ತೂರಿನಲ್ಲಿ ಸೋದರಮಾವನ ಮಗಳ ಮದುವೆ.

ಇಂಜೆಕ್ಷನ್ ತಪ್ಪಿಸಿದರೆ ದೃಷ್ಟಿಗೇ ಅಪಾಯ. ಮನೆಯಲ್ಲೇ ಕೂತರೆ ಕ್ಷೇಮ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಎನ್95 ಮಾಸ್ಕ್ ಹಾಕಿಸಿ, ಕಾರಿನ ಕಿಟಕಿ ತೆರೆದಿಟ್ಟು, ಜನ ಕಡಿಮೆ ಇರುವ ಹೊತ್ತಿಗೆ ಹೋಗೋಣ ಅಂದುಕೊಂಡಿದ್ದೇನೆ. ಮದುವೆಯ ವಿಷಯ ಬೇರೆ. ಮುಚ್ಚಿದ ಎಸಿ ಹಾಲ್, ಮಾಸ್ಕ್ ತೆಗೆದು ಊಟ, ಗಂಟೆಗಟ್ಟಲೆ ಮಾತು. ಸೋಂಕು ಗಾಳಿಯಲ್ಲಿ ಹರಡುತ್ತದೆ ಅಲ್ವಾ? "ಕರ್ನಾಟಕ ಗಡಿಯ ತಲಪಾಡಿ ಚೆಕ್‌ಪೋಸ್ಟಿನಲ್ಲಿ ಈಗ ಕೇಳುವ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ (ಕೋವಿಡ್ ಪರೀಕ್ಷೆ) ನೆಗೆಟಿವ್ ಇದ್ದರೆ ಸಾಕು" ಅನ್ನುತ್ತಾರೆ ಮಾವ. ಆದರೆ ಅದು ಸ್ವಾಬ್ ತೆಗೆದ ಹೊತ್ತಿನ ಸ್ಥಿತಿ ಮಾತ್ರ. ಆಮೇಲೆ ತಗಲಿದರೆ?

ಅಮ್ಮನಿಗೆ ಮದುವೆಗೆ ಹೋಗಲು ತುಂಬಾ ಆಸೆ. ಸುಮ್ನೆ ಬೇಡ ಅನ್ನಲು ಮನಸ್ಸು ಬರುತ್ತಿಲ್ಲ. ಧಾರೆಯ ಹೊತ್ತಿಗೆ ಮಾತ್ರ ಹೋಗಿ, ಹೊರಗಿನ ಚಪ್ಪರದಲ್ಲಿ ಕೂತು, ಊಟಕ್ಕೆ ನಿಲ್ಲದೆ ಬಂದರೆ ಅಪಾಯ ಎಷ್ಟು ಕಡಿಮೆಯಾದೀತು? ಗುಂಪಿನಲ್ಲಿರುವ ಡಾಕ್ಟರುಗಳು, ನರ್ಸ್ ಅಕ್ಕಂದಿರು ದಯವಿಟ್ಟು ಹೇಳಿ. ಈಚೆಗೆ ಗಡಿ ದಾಟಿ ಆಸ್ಪತ್ರೆಗೆ ಹೋದವರಿದ್ದರೆ, ಚೆಕ್‌ಪೋಸ್ಟಿನಲ್ಲಿ ಯಾವ ಕಾಗದ ಕೇಳಿದರು, ಎಷ್ಟು ಹೊತ್ತು ಕಾಯಿಸಿದರು ಅಂತ ತಿಳಿಸಿ.