ಸಹಾಯ ಬೇಕು: ಈಜಿಪುರದ ಕುಟುಂಬಗಳ ಡಾಕ್ಯುಮೆಂಟರಿಗೆ ಸೌಂಡ್ ಮಾಡುವವರು

ನಮಸ್ಕಾರ. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಬಡವರ ಕ್ವಾರ್ಟರ್ಸ್ ಜಾಗದ ಮನೆಗಳನ್ನು ಕೆಡವಿದ್ದು ನೆನಪಿದೆ ಅಲ್ವಾ? ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದವು. ಕೆಲವರು ಅಲ್ಲೇ ಫುಟ್‌ಪಾತ್ ಮೇಲೆ ಟಾರ್ಪಾಲ್ ಕಟ್ಟಿಕೊಂಡು ವರ್ಷಗಟ್ಟಲೆ ಇದ್ದರು. ಆಗ ಚಿಕ್ಕ ಮಕ್ಕಳಾಗಿದ್ದವರ ಈಗಿನ ಬದುಕಿನ ಬಗ್ಗೆ ಅರ್ಧ ಗಂಟೆಯ ಡಾಕ್ಯುಮೆಂಟರಿ ಮಾಡುತ್ತಿದ್ದೇನೆ. ಪಿಟೀಲು ಬಾರಿಸಿ ಜನರನ್ನು ಅಳಿಸುವ ಚಿತ್ರವಲ್ಲ, ಭಯ ಬೇಡ.

ಕ್ಯಾಮೆರಾ ಇದೆ. ತೊಂದರೆ ಸೌಂಡ್‌ನದು. ಹತ್ತಡಿ ಕೋಣೆ, ಮೇಲೆ ಶೀಟು, ಪಕ್ಕದ ಮನೆ ಟಿವಿ, ಕುಕ್ಕರ್ ಸೀಟಿ. ಒಬ್ಬರ ಮಾತೂ ನೆಟ್ಟಗೆ ಸಿಕ್ಕಿಲ್ಲ. ಕಾಲರ್ ಮೈಕ್ ಇರುವವರು ಎರಡು ಭಾನುವಾರ ಬರಬಹುದಾ? ಊಟ, ಬಸ್ ಚಾರ್ಜ್ ನನ್ನದು. ಜಾಸ್ತಿ ಕೊಡಲು ಆಗುವುದಿಲ್ಲ.

ತಮಿಳು ಬರುವವರೂ ಬೇಕು. ಅಲ್ಲಿನ ಕೆಲವು ಹಿರಿಯರು ಮನಸ್ಸು ಬಿಚ್ಚುವುದು ತಮಿಳಿನಲ್ಲೇ.

ಇನ್ನೊಂದು ವಿಷಯ. ಒಬ್ಬ ತಾಯಿ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಆಮೇಲೆ "ಮಗಳ ಮುಖ ತೋರಿಸ್ಬೇಡಪ್ಪ, ಕಾಲೇಜಲ್ಲಿ ನಗ್ತಾರೆ" ಅಂದರು. ಆ ಭಾಗ ತೆಗೆದೆ. ಆದರೆ ಪತ್ರದಲ್ಲಿ ಏನಿದೆ ಅಂತ ಅವರಿಗೆ ನಿಜಕ್ಕೂ ಅರ್ಥವಾಗಿತ್ತಾ? ಓದಲು ಬಾರದವರಿಂದ ಕ್ಯಾಮೆರಾ ಮುಂದೆ ಬಾಯಿಮಾತಲ್ಲೇ ಒಪ್ಪಿಗೆ ಪಡೆದರೆ ಸಾಕಾ? ವಕೀಲರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.